ವರ್ಷದ ಆಸೆಪಟ್ಟಿ: ಡೈರಿಯ ಪುಟದಿಂದ ಬೆಟ್ಟದ ತುದಿಯವರೆಗೆ

ಜನವರಿ ಒಂದಕ್ಕೋ ಯುಗಾದಿಗೋ ಡೈರಿಯ ಮೊದಲ ಪುಟದಲ್ಲಿ ಒಂದು ಪಟ್ಟಿ ಹುಟ್ಟುತ್ತದೆ. ಕುಮಾರ ಪರ್ವತ ಹತ್ತಬೇಕು. ಸ್ಕೂಬಾ ಮಾಡಬೇಕು, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಕಡಲಿನಡಿ ಇಳಿಯಬೇಕು. ರಾತ್ರಿಯಿಡೀ ಯಕ್ಷಗಾನ ನೋಡಬೇಕು. ದಾಂಡೇಲಿಗೆ ಹೋಗಿ ನದಿಯ ಸೆಳವಿನಲ್ಲಿ ರಬ್ಬರ್ ದೋಣಿಯ ರಾಫ್ಟಿಂಗ್ ಮಾಡಬೇಕು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಡೈರಿಯಲ್ಲಿ ಹಾಲಿನ ಲೆಕ್ಕ ಶುರುವಾಗಿರುತ್ತದೆ.

ಸೋಮಾರಿತನ ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಪೂರ್ತಿ ನಿಜ ಅಲ್ಲ ಅದು. ಯುಗಾದಿಯ ಹೊತ್ತಿಗೆ ಕುಮಾರ ಪರ್ವತದ ದಾರಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚಿರುತ್ತದೆ. ಜುಲೈನಲ್ಲಿ ಸ್ಕೂಬಾ ನೆನಪಾದರೆ ಕಡಲಿಗೆ ದೋಣಿ ಇಳಿಯುವುದಿಲ್ಲ. ಆಗಸ್ಟ್‌ನಲ್ಲಿ ಯಕ್ಷಗಾನ ನೋಡೋಣ ಅಂದರೆ ಮೇಳಗಳು ತಿರುಗಾಟ ಮುಗಿಸಿ ಮನೆಗೆ ಹೋಗಿರುತ್ತವೆ. ನಮಗೆ ಆಸೆ ಬಂದಾಗ ಅದರ ಕಾಲ ಅಲ್ಲ, ಅದರ ಕಾಲ ಬಂದಾಗ ನಮಗೆ ನೆನಪಿಲ್ಲ. ಹಾಗಾಗಿ ಆಸೆಯ ಎದುರಿಗೆ ಮೊದಲು ತಿಂಗಳು ಬರೆಯಬೇಕು. ಉಳಿದದ್ದೆಲ್ಲ ಆಮೇಲೆ. ಕರ್ನಾಟಕದೊಳಗೇ ಒಂದು ವರ್ಷಕ್ಕೆ ಸಾಕಾಗುವಷ್ಟು ಇದೆ, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹೆಜ್ಜೆ 1: ಬರೆಯಿರಿ, ಆಮೇಲೆ ಅರ್ಧ ಹೊಡೆದುಹಾಕಿ

ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ. ಆಮೇಲೆ ಒಂದೊಂದನ್ನೇ ನೋಡಿ. ಬರೀ ಊರಿನ ಹೆಸರು ಇದ್ದರೆ ಅಲ್ಲಿ ಏನು ಮಾಡುತ್ತೀರಿ ಅಂತ ಪಕ್ಕದಲ್ಲಿ ಬರೆಯಿರಿ. "ಹಂಪಿ" ಅಂತ ಇದ್ದರೆ ಸಾಲದು. "ತುಂಗಭದ್ರೆಯಲ್ಲಿ ತೆಪ್ಪದಲ್ಲಿ ಕೂರಬೇಕು", "ಬಂಡೆ ಹತ್ತುವುದು ಕಲಿಯಬೇಕು", "ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ ನೋಡಬೇಕು" ಅಂದರೆ ಮೂರು ಬೇರೆ ಬೇರೆ ಕೆಲಸ, ಮೂರಕ್ಕೂ ಬೇರೆ ತಯಾರಿ. ಮಾಡುವ ಕೆಲಸ ಏನೂ ತೋಚದಿದ್ದರೆ ಅದು ಫೋಟೋ ನೋಡಿ ಬಂದ ಆಸೆ. ಹೊಡೆದುಹಾಕಿ.

ಕೆಲಸ, ಸಂಸಾರ ಇರುವವರಿಗೆ ವರ್ಷಕ್ಕೆ ಒಂದು ದೊಡ್ಡದು, ನಾಲ್ಕೈದು ಮಧ್ಯಮದ್ದು, ಉಳಿದದ್ದು ಚಿಕ್ಕದು ಇದ್ದರೆ ಸರಿಹೋಗುತ್ತದೆ. ದೊಡ್ಡದು ಅಂದರೆ ರಜೆ, ದುಡ್ಡು, ಅಭ್ಯಾಸ ಮೂರೂ ಬೇಡುವಂಥದ್ದು. ಮಧ್ಯಮದ್ದು ಒಂದು ವಾರಾಂತ್ಯದಲ್ಲಿ ಮುಗಿಯಬೇಕು. ಚಿಕ್ಕದಕ್ಕೆ ಮನೆಯಿಂದ ಅರ್ಧ ದಿನ ಸಾಕು. ಚಿಕ್ಕವನ್ನು ಜಾಸ್ತಿ ಇಟ್ಟುಕೊಳ್ಳಿ. ವರ್ಷ ಪೂರ್ತಿ ಪಟ್ಟಿ ನೆನಪಿನಲ್ಲಿ ಉಳಿಯುವುದು ಅವುಗಳಿಂದಲೇ.

ಹತ್ತು ಬೆಟ್ಟ ಅಂತ ಪಟ್ಟಿ ಮಾಡುವವರಿದ್ದಾರೆ. ತಪ್ಪಿಲ್ಲ. ಆದರೆ ನಾಲ್ಕನೆಯ ಬೆಟ್ಟದ ಹೊತ್ತಿಗೆ ಅದು ಹೊಸ ಅನುಭವ ಆಗಿರುವುದಿಲ್ಲ, ಹವ್ಯಾಸ ಆಗಿರುತ್ತದೆ. ಒಂದು ನೀರಿನದು, ಒಂದು ಕಾಡಿನದು, ಒಂದು ರಾತ್ರಿಯದು, ಒಂದು ಜನಜಂಗುಳಿಯದು ಹೀಗೆ ಬೆರೆಸಿ.

ಹೆಜ್ಜೆ 2: ಪ್ರತಿ ಆಸೆಗೂ ಅದರ ತಿಂಗಳು ಹುಡುಕಿ

ಇಡೀ ಯೋಜನೆಯಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ಪೆನ್ಸಿಲ್ ಹಿಡಿದು ಕೂರಿ.

ಮುಂಗಾರಿನಿಂದಲೇ ಶುರು ಮಾಡೋಣ. ಮೇ ಕೊನೆಯಿಂದ ಜೂನ್ ಮೊದಲ ಮಳೆಗಳ ತನಕ ಮಲೆನಾಡಿನ ಕಾಡಂಚಿನಲ್ಲಿ ಮಿಣುಕುಹುಳುಗಳ ಕಾಲ. ಇದಕ್ಕೆ ದೊಡ್ಡ ಪ್ಯಾಕೇಜು ಬೇಡ. ಮಲೆನಾಡಿನಲ್ಲಿ ನೆಂಟರ ಮನೆಯೋ ಹೋಮ್‌ಸ್ಟೇಯೋ ಇದ್ದರೆ ಸಾಕು. ರಾತ್ರಿ ಊಟ ಮುಗಿಸಿ, ಅಂಗಳದ ದೀಪ ಆರಿಸಿ, ಟಾರ್ಚ್ ಒಳಗಿಟ್ಟು ಹತ್ತು ನಿಮಿಷ ಸುಮ್ನೆ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಮೊಬೈಲ್ ತೆಗೆದರೆ ಮತ್ತೆ ಮೊದಲಿನಿಂದ. ಅಷ್ಟು ಮಂದ ಬೆಳಕು ಫೋನಿನಲ್ಲಿ ಸರಿಯಾಗಿ ಬರುವುದೂ ಇಲ್ಲ, ಬಿಡಿ.

ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಆರಂಭದ ತನಕ, ಘಟ್ಟದ ಮೇಲಿನ ಉದ್ದದ ಚಾರಣಗಳನ್ನು ಹೊಸಬರು ಇಟ್ಟುಕೊಳ್ಳದಿರುವುದು ಒಳ್ಳೆಯದು. ಹಳ್ಳಗಳು ಗಂಟೆಯೊಳಗೆ ಏರುತ್ತವೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಸಂಜೆ ಸೊಂಟಕ್ಕೆ ಬಂದಿರುತ್ತದೆ. ಮಳೆಗಾಲದಲ್ಲಿ ಮಾಡಬೇಕಾದದ್ದು ಬೇರೆ ಇದೆ. ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ನಡೆಯುವುದೇ ಆಗ. ಜೋಗ ನೋಡಬೇಕಾದದ್ದೂ ಆಗಲೇ. 253 ಮೀಟರ್ ಎತ್ತರದಿಂದ ಬೀಳುವ ಜಲಪಾತದಲ್ಲಿ ಬೇಸಿಗೆಗೆ ಉಳಿಯುವುದು ಬಂಡೆಯ ಮೇಲಿನ ಗೆರೆಗಳು ಮಾತ್ರ. ಜುಲೈನಲ್ಲಿ ಮಂಜು ಮುಚ್ಚಿ ಶಬ್ದವಷ್ಟೇ ಕೇಳುವ ದಿನಗಳು ಬಹಳ. ಆಗಸ್ಟ್ ಕೊನೆ, ಸೆಪ್ಟೆಂಬರ್ ಆದರೆ ನೀರೂ ಇರುತ್ತದೆ, ಕಾಣಿಸುತ್ತದೆ ಕೂಡ.

ಅಕ್ಟೋಬರ್‌ನಿಂದ ಜನವರಿ ನಮ್ಮ ರಾಜ್ಯದ ಚಿನ್ನದ ಕಾಲ. ದಾರಿಗಳು ತೆರೆದಿರುತ್ತವೆ, ಹುಲ್ಲು ಹಸಿರಾಗಿರುತ್ತದೆ, ಬಿಸಿಲು ಕಡಿಮೆ. ಕುಮಾರ ಪರ್ವತ (1712 ಮೀಟರ್), ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ (1748 ಮೀಟರ್), ಕುದುರೆಮುಖ ಮೂರಕ್ಕೂ ಇದೇ ಸರಿಯಾದ ಸಮಯ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ತಡಿಯಂಡಮೋಳ್. ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ನಾಡು ಅರಮನೆ ಬುಡದಲ್ಲೇ ಇದೆ. ಗುಂಪಿನಲ್ಲಿ ಯಾರಿಗಾದರೂ ಅರ್ಧದಲ್ಲಿ ಸಾಕಾದರೆ ಅವರ ದಿನವೂ ಹಾಳಾಗುವುದಿಲ್ಲ.

ಸ್ಕೂಬಾ, ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರುವ ಸರ್ಫಿಂಗ್ ಕೂಡ ಅಕ್ಟೋಬರ್‌ನಿಂದ ಮೇ ತನಕ. ನವೆಂಬರ್‌ನಿಂದ ಫೆಬ್ರವರಿ ವಲಸೆ ಹಕ್ಕಿಗಳ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಬೆಂಗಳೂರು, ಮೈಸೂರಿನವರಿಗೆ ರಂಗನತಿಟ್ಟು ಹತ್ತಿರ. ಅದನ್ನು 1940ರಲ್ಲಿ ಪಕ್ಷಿಧಾಮ ಮಾಡಲು ಮೈಸೂರು ಅರಸರನ್ನು ಒಪ್ಪಿಸಿದವರು ಪಕ್ಷಿತಜ್ಞ ಸಲೀಂ ಅಲಿ. 2022ರಲ್ಲಿ ಅದು ರಾಜ್ಯದ ಮೊದಲ ರಾಮ್ಸಾರ್ ತಾಣವಾಯಿತು, ಅಂದರೆ ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಹಕ್ಕಿ ನೋಡಲು ಹೋಗುವವರು ಬೆಳಕು ಹರಿಯುವ ಮುಂಚೆ ಅಲ್ಲಿರಬೇಕು. ಹತ್ತು ಗಂಟೆಗೆ ಹೋದರೆ ಹಕ್ಕಿಗಿಂತ ಜನ ಜಾಸ್ತಿ.

ಫೆಬ್ರವರಿ ದಾಟಿದ ಮೇಲೆ ಬೇಸಿಗೆ ಮುಗಿಯುವ ತನಕ ಕಾಡಿನ ಚಾರಣ ಸಾಮಾನ್ಯವಾಗಿ ಬಂದ್. ಹುಲ್ಲು ಒಣಗಿರುತ್ತದೆ, ಒಂದು ಬೀಡಿಯ ಕಿಡಿ ಸಾಕು. ಆ ತಿಂಗಳುಗಳನ್ನು ಕಡಲು, ನದಿ, ಯಕ್ಷಗಾನ, ಕಂಬಳಕ್ಕೆ ಬಿಟ್ಟುಕೊಡಿ. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಬೇಸಿಗೆಯಲ್ಲೂ ನಡೆಯುತ್ತದೆ. ಅಲ್ಲಿ ನೀರು ಬರುವುದು ಸೂಪಾ ಅಣೆಕಟ್ಟಿನಿಂದ ಬಿಟ್ಟಾಗ. ಬಿಡದಿದ್ದರೆ ಆ ದಿನ ರಾಫ್ಟಿಂಗ್ ಇಲ್ಲ. ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಲೇಬೇಕು.

ಅಮೆರಿಕ, ಯುರೋಪಿನಿಂದ ಡಿಸೆಂಬರ್ ರಜೆಗೆ ಊರಿಗೆ ಬರುವವರಿಗೆ ಇಲ್ಲೊಂದು ಅದೃಷ್ಟ ಇದೆ. ಬೆಟ್ಟ, ಕಡಲು, ಹಕ್ಕಿ, ಬಯಲಾಟ, ಉಲ್ಕೆ ಎಲ್ಲವೂ ಅದೇ ಮೂರು ವಾರದಲ್ಲಿ ಸಿಗುತ್ತವೆ. ಮದುವೆಗಳ ಮಧ್ಯೆ ಎರಡು ದಿನ ಕದಿಯಬೇಕು ಅಷ್ಟೇ.

ಹೆಜ್ಜೆ 3: ಅನುಮತಿ

ಮೊದಲೆಲ್ಲ ಬೆನ್ನಿಗೆ ಬ್ಯಾಗು ಹಾಕಿ ಹೊರಟರೆ ಆಗುತ್ತಿತ್ತು. ಈಗ ಆಗುವುದಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟರು.

ಇದರ ಅರ್ಥ, ಬುಕಿಂಗ್ ಆದ ಮೇಲೇ ರಜೆ ಹಾಕಿ, ಬಸ್ ಟಿಕೆಟ್ ತೆಗೆಯಿರಿ. ಉಲ್ಟಾ ಮಾಡಬೇಡಿ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೆ ಒಯ್ಯಿರಿ. ದೀಪಾವಳಿ, ಕ್ರಿಸ್‌ಮಸ್, ಗಣರಾಜ್ಯೋತ್ಸವದ ಉದ್ದ ರಜೆಗಳನ್ನು ಬಿಟ್ಟುಬಿಡಿ. ಮಂಗಳವಾರ, ಬುಧವಾರ ಒಂದು ರಜೆ ಹಾಕಿದರೆ ಅದೇ ಬೆಟ್ಟ ಬೇರೆಯೇ ಬೆಟ್ಟವಾಗಿ ಕಾಣುತ್ತದೆ.

ಗೋವಾ ಗಡಿಯ ದೂಧ್‌ಸಾಗರ ಜಲಪಾತಕ್ಕೆ ರೈಲು ಹಳಿಯ ಮೇಲೆ ನಡೆದು ಹೋಗುವ ಆಸೆ ಪಟ್ಟಿಯಲ್ಲಿದ್ದರೆ ತೆಗೆದುಬಿಡಿ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. 2023ರ ಜುಲೈನಲ್ಲಿ ಹಾಗೆ ಹೋದವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದು ದೊಡ್ಡ ಸುದ್ದಿಯಾಗಿತ್ತು. ಕಿಟಕಿ ಪಕ್ಕ ಕೂತು ರೈಲಿನಿಂದಲೇ ನೋಡಿದರೆ ಜಲಪಾತ ಏನೂ ಚಿಕ್ಕದಾಗುವುದಿಲ್ಲ. ಹಾಗೇ, ಗೇಟಿಲ್ಲದ ದಾರಿ ತೋರಿಸುತ್ತೇನೆ ಅನ್ನುವ "ಲೋಕಲ್ ಗೈಡ್"ಗಳ ಸಹವಾಸ ಬೇಡ. ಸಿಕ್ಕಿಬಿದ್ದಾಗ ಆತ ಅಲ್ಲಿರುವುದಿಲ್ಲ.

ಹೆಜ್ಜೆ 4: ಕಾಲಿಗೆ ಲೆಕ್ಕ ಕೇಳಿ

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಇದೆ. ಎಷ್ಟು ಒರಟು ಅಂತ ಮುಂಚೆಯೇ ತಿಳಿಯಲು ಒಂದು ಹಳೆಯ ಲೆಕ್ಕವೂ ಇದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು. ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಹಚ್ಚಿ ನೋಡಿ. ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಅದಕ್ಕೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಏರು ಹತ್ತಿರ ಹತ್ತಿರ 1600 ಮೀಟರ್. ಅದಕ್ಕೂ ಎರಡೂವರೆ ಗಂಟೆ ಮೇಲೆ. ಒಟ್ಟು ಐದೂಕಾಲು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ, ನೀರು ಕುಡಿಯದೆ, ಫೋಟೋ ತೆಗೆಯದೆ ನಡೆದರೆ! ನಮ್ಮ ನಿಮ್ಮಂಥವರು ಮೂರನೇ ಒಂದು ಭಾಗ ಸೇರಿಸಿಕೊಳ್ಳಬೇಕು. ಏಳು ಗಂಟೆ. ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ತುದಿ ಮುಟ್ಟಿ ಕತ್ತಲಾಗುವ ಮುಂಚೆ ಕೆಳಗೆ ಬರುತ್ತೇವೆ ಅನ್ನುವುದು ಕನಸು. ಎಷ್ಟೋ ಗುಂಪುಗಳು ದಾರಿ ಮಧ್ಯದ ಗಿರಿಗದ್ದೆಯ ಭಟ್ಟರ ಮನೆಯ ಅನ್ನ-ಸಾಂಬಾರ್ ಉಂಡು ಅಲ್ಲಿಂದಲೇ ಹಿಂದೆ ಬರುವುದು ಈ ಲೆಕ್ಕ ಮಾಡದೆ ಹೊರಟಿದ್ದಕ್ಕೆ. ಊಟ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ.

ತಯಾರಿಗೆ ಜಿಮ್ ಬೇಡ. ದೊಡ್ಡ ಚಾರಣಕ್ಕೆ ಎಂಟು ವಾರ ಇರುವಾಗ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಿರಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ. ಬೆಂಗಳೂರಿನವರಿಗೆ ಸಾವನದುರ್ಗ, ಶಿವಗಂಗೆ. ಹಾಸನದ ಕಡೆಯವರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿ. ಮೊದಲ ವಾರ ಬರಿಗೈಲಿ ಹತ್ತಿ. ಮೂರನೇ ವಾರದಿಂದ ಬೆನ್ನಿಗೆ ಎರಡು ನೀರಿನ ಬಾಟಲಿ. ಆರನೇ ವಾರಕ್ಕೆ ಚಾರಣದ ದಿನ ಹೊರುವ ಪೂರ್ತಿ ಭಾರ.

ಹತ್ತುವಾಗ ಏದುಸಿರು ಬರುವುದು ದೊಡ್ಡ ವಿಷಯವಲ್ಲ, ನಿಂತರೆ ಹೋಗುತ್ತದೆ. ನಿಜವಾದ ಪರೀಕ್ಷೆ ಇಳಿಯುವಾಗ, ಮಂಡಿಗೆ. ಚಿಕ್ಕ ಹೆಜ್ಜೆ ಇಡಿ, ಮಂಡಿ ಸ್ವಲ್ಪ ಬಗ್ಗಿರಲಿ, ಕೈಯಲ್ಲೊಂದು ಕೋಲಿರಲಿ. ಹೊಸ ಶೂ ಹಾಕಿಕೊಂಡು ಬೆಟ್ಟಕ್ಕೆ ಹೋಗಬೇಡಿ. ಕನಿಷ್ಠ ಎರಡು ವಾರ ಅದೇ ಶೂನಲ್ಲಿ ಮಾರ್ಕೆಟ್ಟಿಗೆ, ಆಫೀಸಿಗೆ ಓಡಾಡಿ. ಕಾಲ್ಬೆರಳ ಉಗುರು ಹಿಂದಿನ ದಿನವೇ ಕತ್ತರಿಸಿ. ಉದ್ದ ಉಗುರು ಇಳಿಜಾರಿನಲ್ಲಿ ಶೂಗೆ ಒತ್ತಿ ಒತ್ತಿ ಕಪ್ಪಾಗುತ್ತದೆ.

ಬಂಡೆ ಹತ್ತುವುದು ಪಟ್ಟಿಯಲ್ಲಿದ್ದರೆ ನೇರ ಬಂಡೆಗೆ ಹೋಗಬೇಡಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆ ಇದೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಹೊಸಬರಿಗೆ ತರಬೇತಿ ಕೊಡುತ್ತದೆ. ಹಗ್ಗದ ಗಂಟು, ಜೊತೆಗಾರನ ಹಗ್ಗ ಹಿಡಿಯುವ ರೀತಿ ಇಷ್ಟು ಕೈಗೆ ಬಂದ ಮೇಲೆ ಬಾದಾಮಿಯ ಕೆಂಪು ಮರಳುಗಲ್ಲು, ಹಂಪಿಯ ಗ್ರಾನೈಟ್ ಗುಂಡುಗಳು ಕಾದಿರುತ್ತವೆ.

ಹೆಜ್ಜೆ 5: ನೀರಿಗಿಳಿಯುವ ಮುಂಚೆ

ಈಜು ಬರುವುದಿಲ್ಲ ಅಂತ ನೀರಿನ ಆಸೆಗಳನ್ನೆಲ್ಲ ಪಟ್ಟಿಯಿಂದ ತೆಗೆಯುವವರು ತುಂಬಾ. ಮೊದಲ ಸ್ಕೂಬಾ ಅನುಭವಕ್ಕೆ ಈಜು ಬೇಕಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯುತ್ತಾರೆ. ದಡದಿಂದ ಸುಮಾರು 19 ಕಿಲೋಮೀಟರ್. ವಾಂತಿ ಬರುವ ಅಭ್ಯಾಸ ಇದ್ದರೆ ದೋಣಿ ಹತ್ತುವ ಒಂದು ಗಂಟೆ ಮುಂಚೆ ಮಾತ್ರೆ ತೆಗೆದುಕೊಳ್ಳಿ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಮಸಾಲೆ ದೋಸೆ ಬೇಡ.

ನೀರಿನಡಿ ಒಬ್ಬ ತರಬೇತುದಾರ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾನೆ. ನೀವು ಮಾಡಬೇಕಾದದ್ದು ಎರಡೇ ಕೆಲಸ. ಒಂದು, ಬಾಯಲ್ಲೇ ಉಸಿರಾಡುವುದು, ಯಾವ ಕಾರಣಕ್ಕೂ ಉಸಿರು ಬಿಗಿ ಹಿಡಿಯದಿರುವುದು. ಇನ್ನೊಂದು, ಕಿವಿ ಬಿಡಿಸಿಕೊಳ್ಳುವುದು. ಇಳಿಯಲು ಶುರು ಮಾಡಿ ಒಂದೆರಡು ಮೀಟರ್ ಆಗುತ್ತಿದ್ದಂತೆ ಕಿವಿ ಕಟ್ಟಿದ ಹಾಗಾಗುತ್ತದೆ, ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಆಗುತ್ತದಲ್ಲ, ಹಾಗೆ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿ. "ಟಪ್" ಅಂತ ಬಿಟ್ಟುಕೊಳ್ಳುತ್ತದೆ. ನೋವು ಶುರುವಾದ ಮೇಲೆ ಊದುವುದಲ್ಲ, ಶುರುವಾಗುವ ಮುಂಚೆಯೇ ಪ್ರತಿ ಮೀಟರಿಗೆ ಒಮ್ಮೆ ಊದುತ್ತಾ ಹೋಗಬೇಕು. ಬಿಡದಿದ್ದರೆ ಕೈ ಸನ್ನೆ ಮಾಡಿ ಸ್ವಲ್ಪ ಮೇಲೆ ಬನ್ನಿ, ಮತ್ತೆ ಪ್ರಯತ್ನಿಸಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು ಇರುತ್ತದೆ. ಹಟ ಮಾಡಿದರೆ ಕಿವಿ ತಮಟೆಗೇ ಪೆಟ್ಟು.

ನೆಗಡಿ ಇದ್ದರೆ ದುಡ್ಡು ಹೋದರೂ ಇಳಿಯಬೇಡಿ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಆಗಿದ್ದರೆ ಮೊದಲು ಡಾಕ್ಟರ ಒಪ್ಪಿಗೆ. ಡೈವ್ ಆದ ಮೇಲೆ 18 ಗಂಟೆ ವಿಮಾನ ಹತ್ತಬೇಡಿ. ಬೆಳಿಗ್ಗೆ ನೇತ್ರಾಣಿ, ಸಂಜೆ ಮಂಗಳೂರಿನಿಂದ ಫ್ಲೈಟ್ ಅನ್ನುವ ಪ್ಲಾನ್ ನಡೆಯುವುದಿಲ್ಲ.

ರಾಫ್ಟಿಂಗ್‌ನಲ್ಲಿ ನೋಡಬೇಕಾದದ್ದು ಲೈಫ್ ಜಾಕೆಟ್. ಬಕಲ್ ಎಲ್ಲ ಬಿಗಿದ ಮೇಲೆ ಸ್ನೇಹಿತನಿಗೆ ಹೇಳಿ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಕಿವಿಯ ತನಕ ಬಂದರೆ ಅದು ನಿಮ್ಮದಲ್ಲ, ಬೇರೆ ಕೇಳಿ. ಹೆಲ್ಮೆಟ್ ಕೊಡದವರ ರಾಫ್ಟ್ ಹತ್ತಬೇಡಿ. ಸೆಳವುಗಳಿಗೆ 1ರಿಂದ 6ರ ತನಕ ದರ್ಜೆ ಇದೆ. ಹೊಸಬರಿಗೆ 2, 3 ಸಾಕು. ಬಿದ್ದರೆ ನಿಲ್ಲಲು ಹೋಗಬೇಡಿ. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಮುಖ ಅಡಿಯಾಗಿ ಒತ್ತಿಬಿಡುತ್ತದೆ. ಅಂಗಾತ ಮಲಗಿ, ಕಾಲು ನೀರು ಹರಿಯುವ ಕಡೆಗೆ ಎತ್ತಿ, ತೇಲುತ್ತಾ ಹೋಗಿ. ಹಗ್ಗ ಬಂದಾಗ ಹಿಡಿದುಕೊಳ್ಳಿ.

ಸರ್ಫಿಂಗ್ ಕಲಿಯಲು ಮೂಲ್ಕಿ, ಕೋಡಿ ಬೆಂಗ್ರೆ ಒಳ್ಳೆಯ ಜಾಗ. ಒಂದೇ ದಿನಕ್ಕೆ ನಿಲ್ಲಲು ಬಾರದು ಅಂತ ಬೇಜಾರಾಗಬೇಡಿ, ಎರಡು ಮೂರು ದಿನ ಇಟ್ಟುಕೊಳ್ಳಿ.

ಹೆಜ್ಜೆ 6: ಬ್ಯಾಗು

ಒಂದು ದಿನದ ಚಾರಣಕ್ಕೆ ತಲೆಗೆ ಮೂರು ಲೀಟರ್ ನೀರು, ಹೆಡ್‌ಟಾರ್ಚ್, ರೇನ್‌ಕೋಟ್, ಒಆರ್‌ಎಸ್ ಪುಡಿ, ಸೀಟಿ, ಪವರ್ ಬ್ಯಾಂಕ್. ಒಆರ್‌ಎಸ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಊಟದ್ದಲ್ಲ. ದಾರಿ ತಪ್ಪಿದರೆ ಕೂಗಿ ಗಂಟಲು ಹರಿದುಕೊಳ್ಳಬೇಡಿ. ಮೂರು ಸಲ ಸೀಟಿ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ತಿನ್ನಲು ಚಪಾತಿ-ಚಟ್ನಿಪುಡಿ, ಕಡಲೆ ಚಿಕ್ಕಿ, ಖರ್ಜೂರ. ಮೊಸರನ್ನ ಬಿಸಿಲಲ್ಲಿ ಮಧ್ಯಾಹ್ನಕ್ಕೆ ಹುಳಿಯಾಗಿರುತ್ತದೆ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಘಟ್ಟದಲ್ಲಿ ಸಿಗ್ನಲ್ ನಂಬಬೇಡಿ.

ಮಳೆಗಾಲ, ಮಳೆ ಬಿಟ್ಟ ಹೊಸತರಲ್ಲಿ ಉಂಬಳಗಳು ಹತ್ತುತ್ತವೆ. ಅವುಗಳಿಂದ ಅಪಾಯಕ್ಕಿಂತ ಗಲಾಟೆ ಜಾಸ್ತಿ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತುರುಕಿ. ಮಲೆನಾಡಿನವರು ಹೊಗೆಸೊಪ್ಪಿನ ಪುಡಿಯನ್ನು ಎಣ್ಣೆಗೆ ಕಲಸಿ ಕಾಲಿಗೆ ಹಚ್ಚುತ್ತಾರೆ, ಕೆಲಸ ಮಾಡುತ್ತದೆ. ಕಚ್ಚಿಕೊಂಡದ್ದನ್ನು ಎಳೆಯಬೇಡಿ. ಉಗುರನ್ನು ಅದರ ಬಾಯಿಯ ಪಕ್ಕದಿಂದ ಜಾರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಹೆದರಬೇಡಿ.

ಉಂಬಳಕ್ಕೆ ಹೆದರುವ ನಾವು ಉಣುಗಿಗೆ ಹೆದರುವುದಿಲ್ಲ. ಹೆದರಬೇಕಾದದ್ದು ಅದಕ್ಕೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಜಾಸ್ತಿ ಕಾಣುವುದು ಡಿಸೆಂಬರ್‌ನಿಂದ ಮೇ ತನಕ, ಅಂದರೆ ನಾವು ಕಾಡಿಗೆ ಹೊರಡುವ ಕಾಲದಲ್ಲೇ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರು ತುಂಬು ತೋಳಿನ ಬಟ್ಟೆ ಹಾಕಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗದ ಹಾಗೆ ಇಟ್ಟು 108ಕ್ಕೆ ಕರೆ ಮಾಡಿ, ಸರ್ಕಾರಿ ಆಸ್ಪತ್ರೆಗೆ ಸಾಗಿಸಿ.

ಹೆಜ್ಜೆ 7: ಜೊತೆ ಯಾರು, ದುಡ್ಡು ಎಷ್ಟು

ನಾಲ್ಕರಿಂದ ಆರು ಜನ ಹಿತ. ಹನ್ನೆರಡಾದರೆ ಅದು ಪಿಕ್ನಿಕ್. ನಡಿಗೆಯ ವೇಗ ಯಾವಾಗಲೂ ಗುಂಪಿನಲ್ಲಿ ನಿಧಾನ ಇರುವವರದ್ದು, ಅವರನ್ನು ಮುಂದೆ ಬಿಡಿ. ವಾಟ್ಸಾಪ್ ಗುಂಪಿನಲ್ಲಿ "ನಾನೂ ಬರ್ತೀನಿ" ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂಗಡ ಕಳಿಸಿದವರನ್ನು ಮಾತ್ರ ಹಿಡಿಯಿರಿ.

ಒಬ್ಬರೇ ಹೋಗುವವರು, ಅದರಲ್ಲೂ ಹೆಣ್ಣುಮಕ್ಕಳು, ಸಂಘಟಕರ ಗುಂಪು ಸೇರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಎಷ್ಟು ಲೀಡರ್‌ಗಳು? ಅವರಲ್ಲಿ ಪ್ರಥಮ ಚಿಕಿತ್ಸೆ ಕಲಿತವರು ಯಾರು? ರಾತ್ರಿ ಎಲ್ಲಿ ಮಲಗುವುದು, ಯಾರ ಜೊತೆ? ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ನೋಡಿ. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್, ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಅನ್ನುವುದನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ. ಯಾರೇ ಆದರೂ.

ದುಡ್ಡಿಗೆ ತಿಂಗಳಿಗಿಷ್ಟು ಅಂತ ಪ್ರತ್ಯೇಕ ಎತ್ತಿಡುವುದೇ ಸುಲಭ. ದೊಡ್ಡದಕ್ಕೆ ಹೋಗುವ ಮುಂಚೆ ಇನ್ಶೂರೆನ್ಸ್ ಕಾಗದ ತೆಗೆದು ನೋಡಿ. ಸಾಹಸ ಕ್ರೀಡೆಯಲ್ಲಿ ಆದ ಗಾಯಕ್ಕೆ ಹಣ ಇಲ್ಲ ಅಂತ ಎಷ್ಟೋ ಪಾಲಿಸಿಗಳ ಸಣ್ಣಕ್ಷರದಲ್ಲಿ ಇರುತ್ತದೆ.

ಹೆಜ್ಜೆ 8: ರಜೆ ಸಿಗದ ತಿಂಗಳಿಗೆ

ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಬೆಂಗಳೂರು, ಮಂಗಳೂರುಗಳಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲಾದರೆ ಮಧ್ಯಾಹ್ನ 12.17ರ ಹೊತ್ತಿಗೆ, ಮಂಗಳೂರಿನಲ್ಲಿ ಹತ್ತು ನಿಮಿಷ ತಡವಾಗಿ. ಹುಬ್ಬಳ್ಳಿ, ಹೊಸಪೇಟೆ ಕಡೆ ಮೇ ಮೊದಲ ದಿನಗಳಲ್ಲಿ. ಮಕ್ಕಳನ್ನು ಕರೆದುಕೊಂಡು ತಾರಸಿಗೆ ಹೋಗಿ. ಖರ್ಚು ಸೊನ್ನೆ.

ಡಿಸೆಂಬರ್ 13, 14ರ ರಾತ್ರಿ ಜೆಮಿನಿಡ್ ಉಲ್ಕಾವೃಷ್ಟಿ. ಆಗಸ್ಟ್‌ನ ಪರ್ಸೀಡ್ ಹೆಸರುವಾಸಿ, ಆದರೆ ನಮ್ಮಲ್ಲಿ ಆಗ ಮೋಡ. ಜೆಮಿನಿಡ್‌ಗೆ ಆಕಾಶ ತಿಳಿಯಾಗಿರುತ್ತದೆ. ಊರ ದೀಪಗಳಿಂದ ದೂರ, ತೋಟದ ಮನೆಯೋ ಹಳ್ಳಿಯ ಕಣವೋ ಇದ್ದರೆ ಚಾಪೆ, ಕಂಬಳಿ ಹಾಸಿ ಮಲಗಿ. ದೂರದರ್ಶಕ ಬೇಡ, ಬರಿಗಣ್ಣೇ ಸರಿ. ನಡುರಾತ್ರಿ ಕಳೆದ ಮೇಲೆ ಚೆನ್ನಾಗಿ ಕಾಣುತ್ತದೆ. ಆ ವರ್ಷ ಹುಣ್ಣಿಮೆ ಹತ್ತಿರ ಇದೆಯಾ ಅಂತ ಪಂಚಾಂಗದಲ್ಲಿ ಮುಂಚೆ ನೋಡಿಕೊಳ್ಳಿ.

ಯಕ್ಷಗಾನ ಬಯಲಾಟ ನೋಡಲು ಕರಾವಳಿಗೇ ಹೋಗಬೇಕು, ಸಭಾಂಗಣದ ಎಸಿಯಲ್ಲಿ ಅದು ಬಯಲಾಟ ಅಲ್ಲ. ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು ಮೇ ಕೊನೆಯಲ್ಲಿ ತುಳುನಾಡಿನ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಹರಕೆಯ ಆಟಗಳಿಗೆ ಟಿಕೆಟ್ ಇರುವುದಿಲ್ಲ, ಯಾರು ಬೇಕಾದರೂ ಕೂರಬಹುದು. ಈಗ ತುಂಬಾ ಮೇಳಗಳು ಕಾಲಮಿತಿಗೆ ತಿರುಗಿವೆ. ರಾತ್ರಿಯಿಡೀ ಬೇಕಾದರೆ ಮೊದಲೇ ವಿಚಾರಿಸಿ. ಮಧ್ಯಾಹ್ನ ಒಂದು ನಿದ್ದೆ ಮಾಡಿ, ಶಾಲು ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಆಟ ಶುರುವಾಗುವ ಮುಂಚೆ, ಕೇಳಿಕೊಂಡು, ವೇಷ ಕಟ್ಟುವ ಚೌಕಿಯ ಬದಿಯಲ್ಲಿ ನಿಂತು ನೋಡಿ. ಚಪ್ಪಲಿ ಹೊರಗೆ ಬಿಡಿ. ಕನ್ನಡಿ ಹಿಡಿದು ಕೂತ ಮನುಷ್ಯ ಬಣ್ಣದ ಮೇಲೆ ಬಣ್ಣ ಹಚ್ಚುತ್ತಾ ಗಂಟೆಯೊಳಗೆ ರಾಕ್ಷಸನಾಗುವುದು ರಂಗಸ್ಥಳದಲ್ಲಿ ಕಾಣುವುದಿಲ್ಲ.

ಹೆಜ್ಜೆ 9: ಹಿಂದಿರುಗುವ ಹೊತ್ತು ಮೊದಲೇ ಗೊತ್ತುಮಾಡಿ

ಬೆಟ್ಟಕ್ಕೆ ಹೊರಡುವ ಮುಂಚೆ ಗುಂಪಿಗೆ ಒಂದು ಗಂಟೆ ಹೇಳಿಬಿಡಿ. "ಹನ್ನೆರಡಕ್ಕೆ ಎಲ್ಲಿರುತ್ತೇವೋ ಅಲ್ಲಿಂದ ವಾಪಸ್." ತುದಿ ಕಣ್ಣೆದುರು ಕಾಣುತ್ತಿದ್ದರೂ ಸರಿ. ಇದನ್ನು ಕೆಳಗೇ ಹೇಳಬೇಕು. ಮೇಲೆ ಹೋದ ಮೇಲೆ ಯಾರೂ ಕೇಳುವುದಿಲ್ಲ. ಗುಡುಗು ಕೇಳಿದರೆ ಬಯಲು ಹುಲ್ಲುಗಾವಲಿನಲ್ಲಿ, ಒಂಟಿ ಮರದ ಕೆಳಗೆ ನಿಲ್ಲದೆ ಇಳಿಯಲು ಶುರು ಮಾಡಿ. ಯಾರಾದರೂ ಮಾತು ತೊದಲಿದರೆ, ಬೆವರು ನಿಂತು ಮೈ ಸುಡುತ್ತಿದ್ದರೆ, ಆ ದಿನದ ಚಾರಣ ಅಲ್ಲಿಗೇ ಮುಗಿಯಿತು. ನೆರಳಿಗೆ ಕರೆತಂದು ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, ಸಹಾಯಕ್ಕೆ ಕರೆ ಮಾಡಿ.

ವಾಪಸ್ ಬಂದ ವಾರದೊಳಗೆ ಪಟ್ಟಿಯ ಪಕ್ಕದಲ್ಲಿ ಎರಡು ಸಾಲು ಬರೆದಿಡಿ: ಎಷ್ಟು ಖರ್ಚಾಯಿತು, ಮುಂದಿನ ಸಲ ಏನು ಬೇರೆ ಮಾಡಬೇಕು. ಬೇರೆಯವರು ಕೇಳಿದಾಗ ಅದೇ ಉಪಯೋಗಕ್ಕೆ ಬರುತ್ತದೆ.

ವರ್ಷದ ಕೊನೆಗೆ ಉಳಿದುಹೋದದ್ದನ್ನು ಹಾಗೇ ಮುಂದಿನ ವರ್ಷಕ್ಕೆ ನಕಲು ಮಾಡಬೇಡಿ. ತಿಂಗಳು ತಪ್ಪಿ ಉಳಿದಿದ್ದರೆ ಸರಿಯಾದ ತಿಂಗಳಿನ ಮುಂದೆ ಬರೆದು, ಬುಕಿಂಗ್ ಮಾಡಬೇಕಾದ ದಿನಕ್ಕೆ ಮೊಬೈಲಿನಲ್ಲಿ ಅಲಾರಂ ಇಡಿ. ಎರಡು ವರ್ಷ ಕಾಲ ಕೂಡಿಬಂದರೂ ಹೋಗಿಲ್ಲ ಅಂದರೆ ಅದು ನಿಮಗೆ ನಿಜವಾಗಿ ಬೇಕಾದದ್ದಲ್ಲ. ಅದನ್ನು ತೆಗೆದು, ಆ ಜಾಗದಲ್ಲಿ ಏನು ಬರೆಯಬೇಕು ಅಂತ ಮನೆಯ ಮಕ್ಕಳನ್ನೋ, ಅಜ್ಜಿಯನ್ನೋ ಕೇಳಿ.